ಉರಿಯುವ ದೂರು

ಈ ಸಂಗತಿಯನ್ನು ನನಗೆ ಮೊದಲು ತಿಳಿಸಿದವರು ನನ್ನ ಅತ್ತಿಗೆ. ನಗರದ ಕಸ ಸುಟ್ಟು ವಿದ್ಯುತ್ ತಯಾರಿಸುವ ಸ್ಥಾವರದ ದೂರು ವಿಭಾಗದಲ್ಲಿ ಅವರು ಹಿರಿಯ ಗುಮಾಸ್ತೆ. ಸುಳ್ಳು ಹೇಳಬೇಕಾದರೆ ಅವರಿಗೆ ಮೇಲಧಿಕಾರಿಗಳ ಲಿಖಿತ ಅನುಮತಿ ಬೇಕು.

ಸ್ಥಾವರದಲ್ಲಿ ಯಾವ ದೋಷವೂ ಇರಲಿಲ್ಲ. ಕಸ ಒದ್ದೆಯಾಗಿತ್ತು, ಅಷ್ಟೆ. ಅದು ಉರಿಯದೆ ಹೊಗೆಯಾಡುತ್ತಿತ್ತು. ಮಸಿಯೆಲ್ಲ ಎದುರು ಅಂಗಳದಲ್ಲಿ ಬಟ್ಟೆ ಒಗೆದು ಬದುಕುವ ಲಾಂಡ್ರಿಯಮ್ಮ ಒಣಹಾಕಿದ ಆಸ್ಪತ್ರೆಯ ಬಿಳಿ ಹೊದಿಕೆಗಳ ಮೇಲೆ ಕೂರುತ್ತಿತ್ತು. ನಿಯಮದಂತೆ ಆಕೆ ಹನ್ನೆರಡು ಪ್ರತಿಗಳಲ್ಲಿ ದೂರು ಕೊಟ್ಟರು. ನಿಯಮದಂತೆ ಹನ್ನೆರಡನ್ನೂ ಕುಲುಮೆಗೆ ಹಾಕಲಾಯಿತು. ಧಗ್ಗನೆ ಹೊತ್ತಿಕೊಂಡವು. ಸ್ಥಾವರ ಉದ್ಘಾಟನೆಯಾದ ಮೇಲೆ ಮೊದಲ ಬಾರಿಗೆ ಬೀದಿದೀಪ ಬೆಳಗಿತು.

ಮರುದಿನವೇ ಪ್ರಕಟಣೆ: "ನಾಗರಿಕರು ದೂರುಗಳನ್ನು ದಪ್ಪನೆಯ ಒಣ ಕಾಗದದಲ್ಲಿ ಸಲ್ಲಿಸತಕ್ಕದ್ದು. ಬಾಯಿಮಾತಿನ ದೂರು ಉರಿಯುವುದಿಲ್ಲವಾದ್ದರಿಂದ ಸ್ವೀಕರಿಸಲಾಗುವುದಿಲ್ಲ."

ಲಾಂಡ್ರಿಯಮ್ಮ ದಿನಾ ಬರೆದರು. ಬೆಂಕಿ ಹೆಚ್ಚಿತೆಂದು ಸ್ಥಾವರದವರು ಇನ್ನಷ್ಟು ಒದ್ದೆ ಕಸ ಸುರಿದರು. ಮಸಿ ದುಪ್ಪಟ್ಟಾಯಿತು. ಸೋಮವಾರದೊಳಗೆ ಹೊದಿಕೆ ಬೆಳ್ಳಗಾಗದಿದ್ದರೆ ಕೆಲಸ ಬೇರೆಯವರಿಗೆ ಎಂದು ಆಸ್ಪತ್ರೆ ಎಚ್ಚರಿಸಿತು. ಆಕೆಗಿದ್ದದ್ದು ಅದೊಂದೇ ಗಿರಾಕಿ.

"ನನ್ನ ಹೊಟ್ಟೆ ಮೇಲೆ ನಾನೇ ಹೊಡ್ಕೋತಿದೀನಲ್ಲಮ್ಮಾ!" ಎಂದರು ಅತ್ತಿಗೆಯ ಮೇಜಿನೆದುರು. "ಇನ್ನು ಒಂದಕ್ಷರ ಬರೆಯಲ್ಲ."

ಸಂಜೆಗೆ ಇಡೀ ಬಡಾವಣೆ ಕತ್ತಲು. ಪಕ್ಕದ ಕಟ್ಟಡದ ಹೆಂಗಸು ಲಾಂಡ್ರಿಯಮ್ಮನ ಬಳಿ ಓಡಿಬಂದಳು.

"ಅಕ್ಕಾ, ಎರಡೇ ಎರಡು ಸಾಲು ಬೈದು ಬರೀರಿ. ನಮ್ಮತ್ತೆ ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡಿದಾರೆ."

"ನಿಮ್ಮತ್ತೆನಾ? ಮತ್ತೆ ಅವಸರ ಏನು?"

"ಅವಸರ ನಂದಲ್ಲ ಕಣಕ್ಕಾ, ನಮ್ಮನೆಯವರದು."

ಲಾಂಡ್ರಿಯಮ್ಮ ಪೆನ್ನು ಮುಟ್ಟಲಿಲ್ಲ. ಸ್ಥಾವರದ ವ್ಯವಸ್ಥಾಪಕರು ತುರ್ತು ಸಭೆ ಕರೆದರು. ಕೂಲಂಕಷ ಪರಿಶೀಲನೆಯ ನಂತರ ತಪ್ಪು ಬಿಳಿ ಬಣ್ಣದ್ದೆಂದು ಸಾಬೀತಾಯಿತು. ಸೋಮವಾರದಿಂದ ಆಸ್ಪತ್ರೆ ಹೊದಿಕೆಯ ಅಧಿಕೃತ ಬಣ್ಣ ಬೂದಿ ಎಂದು ಆದೇಶ ಹೊರಟಿತು. ಆಸ್ಪತ್ರೆ ಒಪ್ಪಿತು. ಅಲ್ಲಿಯೂ ಲಿಫ್ಟ್ ಇತ್ತು.

ಈಗ ಲಾಂಡ್ರಿಯಮ್ಮನ ಕೆಲಸ ಭದ್ರ. ದಿನಾ ಬೆಳಗ್ಗೆ ತಪ್ಪದೆ ದೂರು ಬರೆಯುತ್ತಾರೆ: "ಮಾನ್ಯರೇ, ನಿನ್ನೆ ಮಸಿ ಸಾಲದೆ ಎರಡು ಹೊದಿಕೆಗಳು ಅಲ್ಲಲ್ಲಿ ಬೆಳ್ಳಗೆ ಉಳಿದಿವೆ. ಕೂಡಲೇ ಕ್ರಮ ಕೈಗೊಳ್ಳಿ."

ಕ್ರಮ ಕೈಗೊಳ್ಳಲಾಗುತ್ತಿದೆ. ನೀವೂ ಇದನ್ನು ನಾಲ್ಕು ಜನಕ್ಕೆ ತಿಳಿಸಬೇಕೆಂದು ಅತ್ತಿಗೆಯ ಕೋರಿಕೆ. ಫೋನಲ್ಲಿ ಬೇಡವಂತೆ, ಬರೆದೇ ತಿಳಿಸಬೇಕಂತೆ.