ಉಳ್ಳಾಗಡ್ಡಿ ಬಣ್ಣದ ಮೋಡ

ಚಿತ್ರ ಬರೆಯುವುದು ಕಷ್ಟವೇನಲ್ಲ, ಅದರಲ್ಲೂ ಆಕಾಶ ಬರೆಯುವುದಂತೂ ಏನೇನೂ ಅಲ್ಲ ಎಂದು ನಾನು ನಂಬಿದ್ದೆ. ಆಕಾಶಕ್ಕೆ ಮೂಗಿಲ್ಲ, ಕಿವಿಯಿಲ್ಲ. ತಪ್ಪಾದರೆ ಯಾರ ಹೋಲಿಕೆಯೂ ಕೆಡುವುದಿಲ್ಲ.

ಮರಾಠಿ ಸೀಮೆಯ ಧನಕವಡಿಯಲ್ಲಿ ನಮ್ಮ ಮನೆಯ ಗ್ಯಾಲರಿಯಿಂದ ಕಾತ್ರಜ್ ಗುಡ್ಡ ಕಾಣುತ್ತಿತ್ತು, ಅದರ ಮೇಲೆ ಅಗಲವಾದ ಆಕಾಶ. ನನ್ನ ಹೆಂಡತಿ ಸರೋಜಾ ನವಲಗುಂದದವಳು. ಸಂಜೆ ಒಣಗಿದ ಬಟ್ಟೆ ತೆಗೆಯಲು ಹೋದವಳು ಅಲ್ಲೇ ನಿಂತುಬಿಡುತ್ತಿದ್ದಳು. ಗುಡ್ಡದಾಚೆಗೇ ತನ್ನ ಊರು ಎನ್ನುವುದು ಅವಳ ಲೆಕ್ಕ. ನಡುವೆ ಜಿಲ್ಲೆಗಳ ಸಾಲೇ ಇದೆಯೆಂದು ಒಮ್ಮೆ ನಕಾಶೆ ತೋರಿಸಿದೆ. ಅವಳು ನಕಾಶೆಯ ಕಡೆ ನೋಡಲಿಲ್ಲ. ಆಮೇಲೆ ಎದುರಿಗೆ ಒಂದು ಕಟ್ಟಡ ಎದ್ದಿತು. ಮೊದಲು ಗುಡ್ಡ ಹೋಯಿತು, ಆಮೇಲೆ ಆಕಾಶ ಹೋಯಿತು. ಈಗ ಅಲ್ಲಿರುವುದು ಯಾರದೋ ಬಚ್ಚಲಮನೆಯ ಕಿಟಕಿ.

ಸರೋಜಾ ಗೊಣಗಲಿಲ್ಲ. ಬಟ್ಟೆ ತೆಗೆದು ಕೂಡಲೇ ಒಳಗೆ ಬರತೊಡಗಿದಳು, ಅಷ್ಟೆ. ನನಗೆ ಅದನ್ನು ನೋಡಲಾಗಲಿಲ್ಲ.

“ನಾನs ನಿನಗೊಂದು ಆಕಾಶ ಬರದು ಕೊಡ್ತೀನಿ. ಎಂಥಾದ್ದು ಬೇಕು ಹೇಳು,” ಎಂದೆ, ಅಂಗಡಿಗೆ ಹೊರಟವನ ಧಾಟಿಯಲ್ಲಿ.

ಅವಳು ಮಡಚುತ್ತಿದ್ದ ಸೀರೆಯನ್ನು ತೊಡೆಯ ಮೇಲಿಟ್ಟುಕೊಂಡಳು. “ನಮ್ಮೂರಾಗ ಮಳಿ ನಿಂತ ಮ್ಯಾಲೆ ಸಂಜೀಮುಂದ ಉಳ್ಳಾಗಡ್ಡಿ ಬಣ್ಣದ ಮೋಡ ಆಗ್ತದ ನೋಡ್ರಿ. ಎರಿ ಹೊಲದ ಮ್ಯಾಲೆ, ನಾಕೂ ಕಡೆ ನೆಲಾ ಮುಟ್ಟಿರ್ತದ. ಅಂಥಾದ್ದು.”

ರವಿವಾರದ ಜಲವರ್ಣದ ಕ್ಲಾಸಿಗೆ ಸೇರಿದೆ. ಕಲಿಸುವ ಮೇಧಾತಾಯಿ ಮರಾಠಿಯಲ್ಲಿ ವಿಸ್ತಾರವಾಗಿ ಬೋಧಿಸಿದರು. ಮೋಡವೆಂದರೆ ಹತ್ತಿಯಲ್ಲ, ಮನಸ್ಸು. ದುಃಖ ಕೆಳಗೆ ಜೋತುಬೀಳಬೇಕು, ಆಸೆ ಅಂಚಿನಲ್ಲಿ ಬೆಳಗಬೇಕು. ನಾನು ತಲೆಯಾಡಿಸಿದೆ. ನನ್ನ ದುಃಖ ಹೂಕೋಸಿನಂತೆ ಬಂತು. ಕಾಗದ ಬದಲಿಸಿದೆ. ಆಸೆಯೂ ಹೂಕೋಸೇ ಆಯಿತು.

ಬಣ್ಣವಾದರೂ ಸರಿಯಾಗಲಿ ಎಂದು ಮುಂದಿನ ವಾರ ಚೀಲದಲ್ಲಿ ಒಂದು ಉಳ್ಳಾಗಡ್ಡಿ ಇಟ್ಟುಕೊಂಡು ಹೋದೆ.

“ಕಾಂದಾ ಕಶಾಲಾ ಆಣಲಾತ?” ಉಳ್ಳಾಗಡ್ಡಿ ಯಾಕೆ ತಂದಿರಿ ಎಂದು ಮೇಧಾತಾಯಿ ಕೇಳಿದರು.

ನನ್ನ ಮರಾಠಿ ಕಾಯಿಪಲ್ಯದ ಸಂತೆಗೂ ಆಫೀಸಿಗೂ ಸಾಕಾಗುತ್ತದೆ. ಹೆಂಡತಿಯ ತವರಿನ ಹಂಬಲವನ್ನು ಉಳ್ಳಾಗಡ್ಡಿಯ ಮೂಲಕ ವಿವರಿಸುವಷ್ಟಿಲ್ಲ. ನಾನು ತೊದಲುವಷ್ಟರಲ್ಲಿ ಅವರು ಖುಷಿಯಾಗಿ ಅದನ್ನು ಮೇಜಿನ ನಡುವೆ ಇಟ್ಟರು. ಅಂದು ಇಡೀ ಕ್ಲಾಸು ಉಳ್ಳಾಗಡ್ಡಿಯ ಚಿತ್ರ ಬರೆಯಿತು. ನನ್ನದೊಂದು ಮಾತ್ರ ಮೋಡದಂತೆ ಬಂತು.

ಗೋಡೆಗಳ ನಡುವೆ ಕುಳಿತು ಆಕಾಶ ಬರೆಯುವುದೇ ಮೂಲ ತಪ್ಪು ಎಂದು ತೀರ್ಮಾನಿಸಿದೆ. ಮಳೆ ಬಿಟ್ಟ ಒಂದು ಮಧ್ಯಾಹ್ನ ಸರೋಜಾಳನ್ನು ಕರೆದುಕೊಂಡು ಸಾಸವಡದ ಆಚೆ, ಜೇಜುರಿ ರಸ್ತೆಯ ಬದಿಯ ಬಯಲಿಗೆ ಹೋದೆ. ಹಲಗೆ, ಕಾಗದ, ಬಣ್ಣ, ನೀರಿನ ಲೋಟ, ಚಹಾದ ಥರ್ಮಾಸ್, ಎಲ್ಲವನ್ನೂ ವಿಧಿವತ್ತಾಗಿ ಜೋಡಿಸಿದೆ. ಕಾಗದಕ್ಕೆ ಕ್ಲಿಪ್ ಹಾಕಬೇಕೆಂದು ಮೇಧಾತಾಯಿ ಹೇಳಿದ್ದರು. ಅದು ಕಲಿಯುವವರಿಗೆ ಎಂದುಕೊಂಡೆ.

ಒಂದು ಮೋಡ ಆರಿಸಿದೆ. ಕುಂಚ ಅದ್ದುವಷ್ಟರಲ್ಲಿ ಅದು ಬೇರೆಯೇ ಆಗಿತ್ತು. ಇನ್ನೊಂದನ್ನು ಹಿಡಿದೆ, ಅದೂ ಹೊರಟುಹೋಯಿತು.

“ನೀವು ನಿಲ್ಲಂದ್ರ ನಿಲ್ತದೇನ್ರಿ ಅದು?” ಎಂದಳು ಸರೋಜಾ. ಆದರೆ ಅವಳ ಕಣ್ಣು ಮೇಲೆಯೇ ಇತ್ತು. ಬಹಳ ದಿನಗಳ ಮೇಲೆ ಅವಳಿಗೆ ನೆಲಕ್ಕೆ ಮುಟ್ಟಿದ ಆಕಾಶ ಸಿಕ್ಕಿತ್ತು.

ಆ ಹೊತ್ತಿಗೆ ಜೇಜುರಿಯ ದೇವರ ದರ್ಶನ ಮುಗಿಸಿ ಮರಳುತ್ತಿದ್ದ ಒಂದು ಜೀಪು ನಿಂತಿತು. ಹಣೆತುಂಬ ಭಂಡಾರದ ಅರಿಶಿನ ಹಚ್ಚಿದ ಮಂದಿ ಬುತ್ತಿ ಬಿಚ್ಚಿದರು. ಕನ್ನಡ ಕೇಳಿದ್ದೇ ಸರೋಜಾ ಅತ್ತ ತಿರುಗಿದಳು. ಗದಗ ಕಡೆಯವರಂತೆ. ಒಬ್ಬ ಅಜ್ಜಿ ಅವಳ ಕೈಗೆ ರೊಟ್ಟಿ ಇಟ್ಟು, ನನ್ನ ಬೆನ್ನ ಹಿಂದೆ ಬಂದು ಚಿತ್ರ ನೋಡಿದಳು.

“ಯಾಕಪ್ಪಾ, ಬಣವಿಗೆ ಬೆಂಕಿ ಹತ್ತೇದೇನು?”

“ಆಕಾಶ ಅಜ್ಜೀ ಅದು,” ಎಂದೆ.

“ಹೌದೇನು? ಪಾಪ,” ಎಂದಳು. ಪಾಪ ಎಂದದ್ದು ಆಕಾಶಕ್ಕೋ ನನಗೋ ತಿಳಿಯಲಿಲ್ಲ.

ಗಲಿಬಿಲಿಯಲ್ಲಿ ಕುಂಚವನ್ನು ಚಹಾದೊಳಗೆ ಅದ್ದಿದೆ, ಬಣ್ಣದ ನೀರನ್ನು ಕುಡಿದೆ. ಉಗುಳಲು ತಿರುಗಿದ್ದೇ ತಡ, ಗಾಳಿ ಬೀಸಿತು. ಚಿತ್ರ ಎದ್ದು ಹೊರಟಿತು. ನನ್ನ ಜೀವನದಲ್ಲಿ ಮೊದಲ ಸಲ ನನ್ನ ಮೋಡ ಮೋಡದಂತೆ ಚಲಿಸಿತು!

ಸಜ್ಜೆ ಹೊಲದೊಳಗೆ ಬೆನ್ನುಹತ್ತಿದೆ. ಚಪ್ಪಲಿ ಕೆಸರಿನಲ್ಲಿ ಉಳಿಯಿತು. ಒಂದು ಸಲ ಬಿದ್ದೆ. ಕೊನೆಗೆ ಜಾಲಿಮುಳ್ಳಿನ ಬೇಲಿಗೆ ಸಿಕ್ಕ ಕಾಗದವನ್ನು ಹರಿಯದಂತೆ ಬಿಡಿಸಿಕೊಂಡು, ವಿಜಯಿಯಾಗಿ ಮರಳಿದೆ.

ಬಯಲಿನಲ್ಲಿ ಎಲ್ಲರೂ ಬುತ್ತಿ ಬಿಟ್ಟು ಎದ್ದಿದ್ದರು. ಅಜ್ಜಿಯೂ ಸರೋಜಾಳೂ ಒಬ್ಬರ ಕೈ ಒಬ್ಬರು ಹಿಡಿದು ಪಡುವಣಕ್ಕೆ ಮುಖ ಮಾಡಿ ನಿಂತಿದ್ದರು. ಸರೋಜಾಳ ಕೆನ್ನೆ ಒದ್ದೆಯಾಗಿತ್ತು.

“ನೋಡಿದ್ರೇನ್ರಿ? ಅದs ಬಣ್ಣ. ಅದs.”

ತಿರುಗಿ ನೋಡಿದೆ. ಆಗಲೇ ಬೂದಿ ಬಣ್ಣಕ್ಕೆ ತಿರುಗಿದ್ದ ಆಕಾಶ, ಕತ್ತಲಾಗುತ್ತಿತ್ತು.

ಮನೆಗೆ ಬಂದ ಮೇಲೆ ಅವಳು ತಂಗಿಗೆ ಫೋನ್ ಮಾಡಿ ಬಹಳ ಹೊತ್ತು ಮಾತಾಡಿದಳು. ನಾನು ಬಚ್ಚಲಲ್ಲಿ ಕಾಲಿನ ಕೆಸರು ತಿಕ್ಕುತ್ತ ಕಿವಿಗೊಟ್ಟೆ.

“ಹೌದವಾ, ಇವರೂ ಇದ್ದರು. ಆದ್ರ ಆಕಾಶ ಹೆಂಗಿತ್ತಂತ ಇವರನ್ನ ಕೇಳಬ್ಯಾಡ. ಇವರು ಚಿತ್ರಾ ಬರೀಲಿಕ್ಕೆ ಬಂದಿದ್ದರು.”