ಬಸ್ಸು ಅತ್ತೆಯದು, ರೇಟು ಸರ್ಕಾರದ್ದು

ನಮ್ಮ ಸೋದರತ್ತೆ ಸರ್ಕಾರವನ್ನು ಒಂದು ಸಲವಾದರೂ ಬೈಯದೆ ಬೆಳಗಿನ ಕಾಫಿ ಕುಡಿದವರಲ್ಲ. ಬೈದ ಮೇಲೆ ಕಾಫಿಗೆ ರುಚಿ ಜಾಸ್ತಿಯಂತೆ! ಅಂಥ ಜಗಳವೇನು ಅಂತೀರಾ? ಚೇಳೂರಿನಿಂದ ಗುಬ್ಬಿ ಮೇಲೆ ತುಮಕೂರಿಗೆ ಓಡುತ್ತಿದ್ದ ಒಂದು ಖಾಸಗಿ ಬಸ್ಸಿಗೆ ಅವರೇ ಮಾಲೀಕರು. ಮಾವ ತೀರಿಕೊಂಡಾಗ “ಮಾರಿಬಿಡು” ಎಂದ ನೆಂಟರನ್ನೆಲ್ಲ ಕಾಫಿ ಕೂಡ ಕೊಡದೆ ಸಾಗಹಾಕಿ, ತಾವೇ ನಡೆಸಿದರು. ಟಿಕೆಟ್ ದರ ನಿಗದಿ ಮಾಡುವುದು ಮಾತ್ರ ಸರ್ಕಾರ.

“ಬಸ್ಸು ನಂದು, ಟೈರು ನಂದು, ಡೀಸೆಲ್ ನಂದು. ರೇಟು ಮಾತ್ರ ಅವರ್ದಾ? ಇದು ಬಸ್ಸೇ ಕಿತ್ಕೊಂಡಂಗೆ ಅಲ್ವೇನೇ?” ಎಂದು ನನ್ನನ್ನು ಕೇಳುತ್ತಿದ್ದರು. ಅದೇ ಬಸ್ಸಿನಲ್ಲಿ ಪುಕ್ಕಟೆಯಾಗಿ ಕಾಲೇಜಿಗೆ ಹೋಗುತ್ತಿದ್ದವಳು ನಾನು.

ಪುಕ್ಕಟೆ ನಾನೊಬ್ಬಳೇ ಅಲ್ಲ. ಆಸ್ಪತ್ರೆಗೆ ಹೊರಟ ಬಸುರಿಯರು, ಪರೀಕ್ಷೆಗೆ ಹೊರಟ ಮಕ್ಕಳು, ಗಂಡನ ಮೇಲೆ ಮುನಿಸಿಕೊಂಡು ತವರಿಗೆ ಹೊರಟವರು, ಯಾರನ್ನೂ ದುಡ್ಡು ಕೇಳಕೂಡದೆಂದು ಕಂಡಕ್ಟರಿಗೆ ಆಜ್ಞೆಯಾಗಿತ್ತು.

“ರೇಟು ಸಾಲ್ದು ಅಂತೀರಿ, ನೀವೇ ಬಿಟ್ಟುಬಿಡ್ತೀರಲ್ಲತ್ತೆ?”

“ನಾನಾಗಿ ಬಿಟ್ರೆ ದಾನ ಕಣೇ. ಅವರು ಬಿಡ್ಸಿದ್ರೆ ದರೋಡೆ!”

ಒಮ್ಮೆ ತುಮಕೂರಿನಲ್ಲಿ ಬಸ್ ಮಾಲೀಕರ ಸಭೆ; ಜೊತೆಗೆ ನಾನೂ ಹೋಗಿದ್ದೆ. ಅಷ್ಟು ಗಂಡಸರ ನಡುವೆ ರೇಷ್ಮೆ ಸೀರೆಯುಟ್ಟ ಅತ್ತೆ ಎದ್ದು ನಿಂತು ಇದೇ ವಾದ ಹೂಡಿದರು. ಸಭೆಗೆ ಬಂದಿದ್ದ ಸಾರಿಗೆ ಇಲಾಖೆಯ ಅಧಿಕಾರಿ ಸಮಾಧಾನದಿಂದ, “ನೀವು ಕೇಳಿದಷ್ಟು ಕೊಡೋಕಾಗ್ದೋರು ನಡ್ಕೊಂಡು ಹೋಗ್ಬೇಕೇನಮ್ಮ? ಅಲ್ದೆ, ಬಸ್ಸು ನಿಮ್ದಾದ್ರೂ ರಸ್ತೆ ಸರ್ಕಾರದ್ದಲ್ವಾ?” ಎಂದರು.

“ರಸ್ತೆ ಎಲ್ಲಿದೆ ಸ್ವಾಮಿ? ಇರೋದು ಬರೀ ಗುಂಡಿ. ಅದು ನಿಮ್ದೇ, ಒಪ್ಕೋತೀನಿ!”

ಸಭೆಯೆಲ್ಲ ಗೊಳ್ಳೆಂದಿತು. ದರ ಮಾತ್ರ ಅಲ್ಲಾಡಲಿಲ್ಲ. ವಾಪಸ್ಸು ಬರುವಾಗ, ಗುಬ್ಬಿ ದಾಟಿದ ಮೇಲೆ ಅತ್ತೆ ಮೆಲ್ಲಗೆ, “ನಡ್ಕೊಂಡು ಹೋಗೋರ ಮಾತು ಎತ್ತಬಾರ್ದಿತ್ತು ಆ ಮನುಷ್ಯ. ಅದಕ್ಕೆ ನನ್ನತ್ರ ಉತ್ತರ ಇಲ್ಲ” ಎಂದರು.

ಬರಬರುತ್ತಾ ಡೀಸೆಲ್ ಏರಿತು. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟೇ ಇಲ್ಲವೆಂದಾಯಿತು. ಅತ್ತೆಯ ಬಸ್ಸಿನಲ್ಲಿ ಸೀಟುಗಳು ಖಾಲಿ ಬಿದ್ದವು. ಕೊನೆಗೆ ಬಸ್ಸನ್ನು ಕುಣಿಗಲ್‌ನವರೊಬ್ಬರಿಗೆ ಮಾರಿದರು. ಅವತ್ತು ಸರ್ಕಾರಕ್ಕೆ ಒಂದು ಬೈಗುಳವೂ ಇಲ್ಲ! ನನಗೆ ಹೆದರಿಕೆಯಾಗಿದ್ದು ಆಗಲೇ.

ಈಗ ನಾನು ತುಮಕೂರಿನಲ್ಲೇ ಇದ್ದೇನೆ. ಹೋದ ಭಾನುವಾರ ಅತ್ತೆ ಬಂದವರು, ಊಟವಾದೊಡನೆ, “ಬಸ್‌ಸ್ಟ್ಯಾಂಡಿಗೆ ಹೋಗ್ಬರೋಣ ಬಾರೇ” ಎಂದರು. ಕುಣಿಗಲ್ ಬಸ್ಸು ನಿಲ್ಲುವ ಕಡೆ ಮುಕ್ಕಾಲು ಗಂಟೆ ನಿಂತೆವು. ಬಂತು. ಅತ್ತೆ ಮಾರಿದ ಬಸ್ಸೇ; ಈಗ ಹಸಿರು ಬಣ್ಣ ಹೊಡೆದಿದ್ದರು. ಅತ್ತೆ ಹತ್ತಲಿಲ್ಲ. ಡ್ರೈವರ್ ಕಿಟಕಿಯ ಕೆಳಗೆ ಹೋಗಿ, “ಬ್ರೇಕು ಒಂಚೂರು ಎಡಕ್ಕೆ ಎಳೆಯುತ್ತೆ, ನೋಡ್ಕೊಳಪ್ಪ” ಎಂದರು. ಅವನಿಗೆ ಇವರು ಯಾರೆಂದು ಗೊತ್ತಿಲ್ಲ. ಸುಮ್ಮನೆ ತಲೆಯಾಡಿಸಿದ.

ಬಸ್ಸು ಹೊರಟುಹೋಯಿತು. ಅತ್ತೆ ನನ್ನ ಕೈ ಹಿಡಿದುಕೊಂಡು, “ಬರೀ ತಗಡು ಕಣೇ. ಯಾಕಿಂಗಾಗುತ್ತೋ” ಎಂದರು.

“ಮುಂದಿನ ಭಾನುವಾರಾನೂ ಬರೋಣ ಅತ್ತೆ” ಎಂದೆ.