ಲೇ, ಚಾರ್ಜರ್ ತೆಗಿಯೇ!

ನಮ್ಮ ಯಜಮಾನರು ಹೋಗುವ ಹಿಂದಿನ ದಿನ ನಾವು ಜಗಳವಾಡಿದ್ದು ಫೋನಿನ ವಿಷಯಕ್ಕೆ. ನಾನು ಅದನ್ನು ಒಲೆಯ ಪಕ್ಕ ಇಟ್ಟುಕೊಂಡು ತಂಗಿಯ ಜೊತೆ ಮಾತಾಡುತ್ತಿದ್ದೆ.

"ಲೇ, ಗ್ಯಾಸ್ ಹತ್ರ ಫೋನ್ ಇಡ್ಬೇಡ ಅಂತ ಎಷ್ಟು ಸಲ ಬಡ್ಕೊಳ್ಳೋದು?"

"ನೀವು ಹೊಲಿಗೆ ಮೆಷಿನ್ ಮೇಲೆ ಇಡಲ್ವಾ?"

"ಮೆಷಿನ್ನಲ್ಲಿ ಬೆಂಕಿ ಇರುತ್ತಾ?"

"ಅದನ್ನ ತುಳಿಯೋರ ತಲೇಲಿ ಇರುತ್ತಲ್ಲ."

ನಕ್ಕರು. ಮರುದಿನ ಯಾರದೋ ಪ್ಯಾಂಟಿಗೆ ಜಿಪ್ ಹಾಕುತ್ತಾ ಮೆಷಿನ್ ಮೇಲೆ ತಲೆ ಇಟ್ಟರು. ನಿದ್ದೆ ಅಂದುಕೊಂಡು ಬೈದೆ. ಏಳಲಿಲ್ಲ.

ಫೋನು ಉಳಿಯಿತು. ರಾತ್ರಿ ಚಾರ್ಜಿಗೆ ಹಾಕಿ ಮರೆಯುವುದು ನನ್ನ ರೋಗ. ಅದಕ್ಕೆ ಮದ್ದಾಗಿ ಅವರು ತಮ್ಮ ದನಿಯನ್ನೇ ಅಲಾರಂ ಮಾಡಿಟ್ಟಿದ್ದರು. ಬೆಳಿಗ್ಗೆ ಆರಕ್ಕೆ ರಾಜಾಜ್ಞೆ: "ಲೇ, ಚಾರ್ಜರ್ ತೆಗಿಯೇ! ಫೋನ್ ಊದ್ಕೊಳ್ಳುತ್ತೆ!" (ಎದುರು ಮನೆಯವರಿಗೆ ಬೇರೆ ಅಲಾರಂ ಬೇಕಿರಲಿಲ್ಲ.)

ಚಾರ್ಜ್ ಮುಗಿದು ಅವರು ಕೂಗದೇ ಹೋದರೆ? ಆ ಭಯಕ್ಕೆ ಹಗಲೂ ರಾತ್ರಿ ಚುಚ್ಚಿಯೇ ಇಟ್ಟೆ. ಫೋನು ಊದಿಕೊಂಡಿತು. ಅವರು ಹೇಳಿದ ಹಾಗೇ.

ಮಗಳು ನೋಡಿ ಹೌಹಾರಿದಳು. "ಅಮ್ಮಾ, ಇದು ಸಿಡಿಯುತ್ತೆ! ಬ್ಯಾಟರಿ ತೆಗೆಸಿ ಬಿಸಾಕ್ಬೇಕು."

"ನಿಮ್ಮಪ್ಪನ್ನ ಬಿಸಾಕ್ತೀಯಾ?"

"ಮಧ್ಯೆ ಅಪ್ಪ ಎಲ್ಲಿಂದ ಬಂದ್ರು?"

ನಾನು ಫೋನನ್ನು ಎದೆಗೆ ಅವಚಿಕೊಂಡು ಬಚ್ಚಲಿಗೆ ಹೋಗಿ ಚಿಲಕ ಹಾಕಿದೆ. (ಸಿಡಿಯುವ ಸಾಮಾನು, ಎದೆಗೆ! ಅವರಿದ್ದಿದ್ದರೆ ಬಾಗಿಲು ಮುರಿಯುತ್ತಿದ್ದರು.) ಮಗಳು ಹೊರಗೆ ಅಳತೊಡಗಿದಳು. ಚಿಲಕ ತೆಗೆದೆ.

ಮೊಬೈಲ್ ಅಂಗಡಿಯವನನ್ನು ಕೇಳಿದೆ, "ಬ್ಯಾಟರಿ ಜೊತೆ ಅವರ ದನಿನೂ ಹೋಗುತ್ತಾ?"

"ದನಿ ಬ್ಯಾಟರೀಲಿ ಇರಲ್ಲಮ್ಮ. ಬೇರೆ ಕಡೆ ಇರುತ್ತೆ."

"ಎಲ್ಲಿ?"

ಏನೇನೋ ತೋರಿಸಿದ. ನನಗೆ ತಲೆಬುಡ ತಿಳಿಯಲಿಲ್ಲ. ಇವತ್ತಿಗೂ ತಿಳಿದಿಲ್ಲ. ಹೊಸ ಬ್ಯಾಟರಿ ಹಾಕಿ ಅಲಾರಂ ಒತ್ತಿದ. "ಲೇ, ಚಾರ್ಜರ್ ತೆಗಿಯೇ!" ಅಂಗಡಿಯವನೇ ಬೆಚ್ಚಿಬಿದ್ದು ಗೋಡೆಯಲ್ಲಿದ್ದ ತನ್ನ ಚಾರ್ಜರ್ ಕಿತ್ತ. ಮಗಳು ನಕ್ಕಳು. ನಾನು ಅಲ್ಲೇ ಸ್ಟೂಲಿನ ಮೇಲೆ ಕುಳಿತುಬಿಟ್ಟೆ.

"ರಾತ್ರಿಯೆಲ್ಲ ಚಾರ್ಜಿಗೆ ಹಾಕ್ಬೇಡಿ" ಅಂದ. ಹಾಕಲಿಲ್ಲ. ಬೆಳಿಗ್ಗೆ ಅವರು ಕೂಗಿದರು. ನೋಡಿದರೆ ತೆಗೆಯಲು ಏನೂ ಇಲ್ಲ. ಬದುಕಿದ್ದಾಗ ಒಂದು ದಿನವೂ ಕೇಳದ ಮಾತನ್ನು ಈಗ ಕೇಳಿ, ಅವರಿಗೆ ಕೆಲಸವಿಲ್ಲದ ಹಾಗೆ ಮಾಡಿದ್ದೆ.

ಈಗ ದಿನಾ ಆರಕ್ಕೆ ಮುಂಚೆ ಏಳುತ್ತೇನೆ. ಚಾರ್ಜರ್ ಚುಚ್ಚಿ ಪಕ್ಕದಲ್ಲಿ ಕೂರುತ್ತೇನೆ. ಅವರು ಕೂಗುತ್ತಾರೆ.

"ತೆಗೆದೆ ಕಣ್ರೀ" ಅಂತ ತೆಗೆಯುತ್ತೇನೆ.